ರಜೆ ಕೊಟ್ಟರೂ ಹೋಗದ ಸುಸ್ತು: ಒಬ್ಬ ಸಂಸ್ಥೆ ಮುಖ್ಯಸ್ಥೆಯ ಪ್ರಕರಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರನ್ನು 'ವ' ಅನ್ನೋಣ. ಕಷ್ಟದಲ್ಲಿರುವ ಮಕ್ಕಳಿಗೆ, ಕುಟುಂಬಗಳಿಗೆ ನೆರವಾಗುವ ಒಂದು ಸೇವಾ ಸಂಸ್ಥೆಯ ಮುಖ್ಯಸ್ಥೆ. 2020ರ ಕೊನೆಯಲ್ಲಿ ವಿಡಿಯೊ ಕರೆ ಮಾಡಿ ಕೇಳಿದ್ದು ಇಷ್ಟೇ: "ಸುಸ್ತು, ನಿದ್ದೆ ಇಲ್ಲ, ಏನಾದ್ರೂ ಉಪಾಯ ಹೇಳಿ." ಬೋರ್ಡಿನವರು ಆಗಲೇ ರಜೆ ಕೊಟ್ಟು ನೋಡಿದ್ದರು. ರಜೆ ಮುಗಿಸಿ ಬಂದಮೇಲೆ ಇನ್ನೂ ಜಾಸ್ತಿಯಾಯಿತಂತೆ. ಹಾಗಾದಾಗ ನನಗೆ ಅನುಮಾನ, ಇದು ಬರೀ ಸುಸ್ತಲ್ಲ.

ಆ ವರ್ಷ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಒಂದು ಮಹಾಮಾರಿ ಎಂದು ಘೋಷಿಸಿತು. ಯುನೆಸ್ಕೊ ಲೆಕ್ಕದಲ್ಲಿ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ತರಗತಿ ಮುಚ್ಚಿತ್ತು. ಮಗುವಿನ ಮೈಮೇಲಿನ ಬಾಸುಂಡೆ ಮೊದಲು ಕಣ್ಣಿಗೆ ಬೀಳುವುದು ಎಷ್ಟೋ ಸಲ ಟೀಚರಿಗೆ. ಶಾಲೆಯೇ ಇಲ್ಲ ಅಂದಮೇಲೆ ನೋಡುವವರು ಯಾರು? 'ವ' ಅವರ ತಿಂಗಳ ವರದಿಯಲ್ಲಿ ಹಿಂಸೆಯ ದೂರುಗಳು ಅರ್ಧಕ್ಕರ್ಧ ಇಳಿದವು. ಬೋರ್ಡಿನ ಒಬ್ಬರು "ಒಳ್ಳೇ ಸುದ್ದಿ ಅಲ್ವಾ" ಅಂದರಂತೆ. ನಿದ್ದೆ ಕೆಟ್ಟಿದ್ದು ಅವತ್ತಿನಿಂದ.

ಮನೆಭೇಟಿಗೆ ಅನುಮತಿ ಕೊಟ್ಟಾಗ ಒಬ್ಬ ಕಾರ್ಯಕರ್ತೆಗೆ ಸೋಂಕು ತಗುಲಿತು, ಅವರಿಂದ ಅವರ ತಂದೆಗೂ ಬಂದು ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಹೆದರಿ ಎಲ್ಲ ಭೇಟಿ ನಿಲ್ಲಿಸಿದರೆ, ಸಂಸ್ಥೆಗೆ ಗೊತ್ತಿದ್ದ ಒಂದು ಮನೆಯಲ್ಲೇ ಮಗುವಿಗೆ ಪೆಟ್ಟಾಯಿತು. ಕಳಿಸಿದರೂ ನಾನೇ, ನಿಲ್ಲಿಸಿದರೂ ನಾನೇ ಅಂತ ರಾತ್ರಿಯೆಲ್ಲ ತಲೆಯೊಳಗೆ ವಿಚಾರಣೆ.

ಯಾವುದು ಸರಿ ಅಂತ ಗೊತ್ತಿದ್ದೂ ಅದನ್ನು ಮಾಡಲಾಗದೆ ಒದ್ದಾಡುವ ಈ ಸ್ಥಿತಿಯನ್ನು 1984ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ ನರ್ಸ್‌ಗಳ ವಿಷಯದಲ್ಲಿ ಬರೆದರು. ನೈತಿಕ ಸಂಕಟ ಅನ್ನುತ್ತಾರೆ. ನಿದ್ದೆ ಮಾಡಿ ಎದ್ದರೆ ಹೋಗುವಂಥದ್ದಲ್ಲ ಇದು, ಏಕೆಂದರೆ ಎದ್ದ ಕೂಡಲೇ ಅದೇ ನಿರ್ಧಾರ ಅದೇ ಒಬ್ಬರ ಮೇಜಿನ ಮೇಲೆ ಕಾದಿರುತ್ತದೆ.

ಯಾರ ಮನೆಗೆ ಹೋಗಬೇಕು ಅಂತ ಯಾರು ತೀರ್ಮಾನಿಸ್ತೀರಿ ಎಂದು ಕೇಳಿದೆ. "ನಾನೇ. ಹುಡುಗೀರ ತಲೆ ಮೇಲೆ ಯಾಕೆ ಹಾಕೋದು, ಪಾಪ." ನನ್ನ ಲೆಕ್ಕದಲ್ಲಿ ಸಮಸ್ಯೆಯ ಬೇರು ಈ 'ಪಾಪ'ದಲ್ಲೇ ಇತ್ತು. ಮನೆಗಳ ಒಳಗನ್ನು ಬಲ್ಲವರು ಭೇಟಿಗೆ ಹೋಗುವ ಆ ಹುಡುಗಿಯರು. ಅವರನ್ನು ಕೇಳದೆ ಕಾಪಾಡಹೊರಟರೆ ಅವರು ಸುಮ್ಮನಾಗುತ್ತಾರೆ, ಗೊತ್ತಿದ್ದದ್ದನ್ನೂ ಹೇಳುವುದಿಲ್ಲ.

ಹಾಗಾಗಿ ಮೊದಲ ಸಲಹೆ: ವಾರಕ್ಕೊಮ್ಮೆ ಕ್ಷೇತ್ರದಲ್ಲಿ ಓಡಾಡುವ ಇಬ್ಬರನ್ನು ಕೂರಿಸಿಕೊಂಡೇ ತೀರ್ಮಾನಿಸಿ. ಹಸುಗೂಸು ಇರುವ ಮನೆ, ಮೊದಲೇ ಹೊಡೆತ ಬಡಿತ ಇದ್ದ ಮನೆ, ಫೋನ್ ಎತ್ತದ ಮನೆ, ಇವಕ್ಕೆ ಮಾತ್ರ ಭೇಟಿ, ಅದೂ ಮಾಸ್ಕ್ ಹಾಕಿ, ಹೊರಗೆ ನಿಂತೇ. ಹೋಗಲು ಭಯ ಅಂದವರಿಗೆ ಕಾರಣ ಕೇಳಬೇಡಿ, ಬೇರೆ ಕೆಲಸ ಕೊಡಿ. ಅವತ್ತು ನಮಗೆ ಏನು ಗೊತ್ತಿತ್ತು, ಯಾಕೆ ಹೀಗೆ ಮಾಡಿದೆವು ಅಂತ ತಾರೀಖು ಹಾಕಿ ನಾಲ್ಕು ಸಾಲು ಬರೆದಿಡಿ. ರಾತ್ರಿ ಮನಸ್ಸು ಕಟಕಟೆಗೆ ಎಳೆದಾಗ ಅದನ್ನೇ ತೆಗೆದು ಓದಿ, ಅವತ್ತು ಗೊತ್ತಿಲ್ಲದ್ದಕ್ಕೆ ಇವತ್ತು ಶಿಕ್ಷೆ ಕೊಟ್ಟುಕೊಳ್ಳುವುದು ಸ್ವಲ್ಪ ಕಡಿಮೆಯಾಗುತ್ತದೆ.

ಫೋನಿನ ವಿಷಯಕ್ಕೂ ಬಂದೆವು. ಸ್ಪೀಕರ್ ಹಾಕಿ ಎದುರಿಗೆ ದೊಡ್ಡವರು ಕೂತಿದ್ದರೆ ಮಗು "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತದೆ. ಹೌದು, ಇಲ್ಲ ಅಂದರೆ ಸಾಕಾಗುವ ಪ್ರಶ್ನೆ ಕೇಳಿ, ಅಪಾಯ ಇದ್ದರೆ ಹೇಳಲು ಒಂದು ಗುಟ್ಟಿನ ಪದ ಮಗುವಿನ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ ಅಂದೆ. ದೂರು ಇಳಿದದ್ದು ಒಳ್ಳೇ ಸುದ್ದಿ ಅಲ್ಲ ಅಂತ ಬೋರ್ಡಿಗೆ ಬರಹದಲ್ಲೇ ಹೇಳಿ ಅಂತಲೂ ಅಂದೆ. ದಾನಿಗಳ ಹತ್ತಿರ, ಯೋಜನೆಗೆ ಕಟ್ಟಿಟ್ಟ ಹಣವನ್ನು ಕುಟುಂಬಗಳ ಫೋನ್ ರೀಚಾರ್ಜಿಗೆ, ಸಿಬ್ಬಂದಿಯ ಕಾಯಿಲೆ ರಜೆಯ ಸಂಬಳಕ್ಕೆ ಬಳಸಲು ಬಿಡಿ ಅಂತ ಕೇಳುವುದಕ್ಕೆ ಮಾತ್ರ ಅವರು ಬಹಳ ಹಿಂಜರಿದರು. ಕೇಳಿದಮೇಲೆ ಒಬ್ಬರು ಒಪ್ಪಿದರು, ಇನ್ನೊಬ್ಬರು ಇಲ್ಲ ಅಂದರು. ಇಲ್ಲ ಅಂದವರ ಹಣದ ಯೋಜನೆ ನಿಂತುಹೋಯಿತು.

ಸೋಂಕು ತಗುಲಿದ್ದ ಆ ಕಾರ್ಯಕರ್ತೆಯ ಹತ್ತಿರ ಅತ್ತು ಕ್ಷಮೆ ಕೇಳ್ತೀನಿ ಅಂತ 'ವ' ಅಂದಾಗ ತಡೆದೆ. ನೀವು ಅತ್ತರೆ ಸಮಾಧಾನ ಮಾಡುವ ಕೆಲಸವೂ ಅವರಿಗೇ ಬೀಳುತ್ತದೆ. ಏನು ಬೇಕು ಅಂತ ಕೇಳಿ, ಅದನ್ನು ಮಾಡಿ. ಆಕೆ ಕೇಳಿದ್ದು ಆಫೀಸಿನಲ್ಲೇ ಮಾಡುವ ಕೆಲಸ. ಕೊಟ್ಟರು.

ಒಂದು ಮಾತು ಬಿಡುವ ಹಾಗಿಲ್ಲ. ಬದುಕುವುದೇ ಬೇಡ ಅನ್ನಿಸುತ್ತದೆಯಾ ಅಂತ ನಾನು ಮೊದಲ ದಿನವೇ ನೇರವಾಗಿ ಕೇಳಿದ್ದೆ. ಇಲ್ಲ ಅಂದರು. ಆದರೆ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದ್ದರಿಂದ ಮನೋವೈದ್ಯರ ಹತ್ತಿರ ಕಳಿಸಿದೆ, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡರು. ರಾತ್ರಿ ಕರೆಗಳನ್ನು ಈಗ ಸರದಿ ಮೇಲೆ ನಾಲ್ವರು ನೋಡಿಕೊಳ್ಳುತ್ತಾರೆ, ತಮ್ಮ ಸರದಿ ಅಲ್ಲದ ರಾತ್ರಿಯೂ 'ವ' ಒಮ್ಮೊಮ್ಮೆ ಎದ್ದು ಫೋನ್ ನೋಡುತ್ತಾರಂತೆ.