ಪ್ರಮಾಣವಚನ ಸಾಕು ಮೇಷ್ಟ್ರೇ, ತಾಲೀಮು ಮಾಡಿಸಿ

ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ಬರೆದ ಪತ್ರದ ಸಾರ ಇದು: ‘ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ನಮ್ಮ ಶಾಲೆಯಲ್ಲಿ ಜಾಥಾ ಮಾಡಿಸಿದೆವು. ವೈದ್ಯರನ್ನು ಕರೆಸಿ ಬಾಯಿ ಕ್ಯಾನ್ಸರಿನ ಚಿತ್ರಗಳನ್ನು ತೋರಿಸಿದೆವು. ಮಕ್ಕಳೆಲ್ಲ ಕೈ ಚಾಚಿ ಪ್ರಮಾಣ ಮಾಡಿದರು. ತಿಂಗಳು ತುಂಬುವ ಮೊದಲೇ ಒಂಬತ್ತನೇ ತರಗತಿಯ ಮೂವರು ಹುಡುಗರು ಶೌಚಾಲಯದ ಹಿಂದೆ ತಂಬಾಕಿನ ಪೊಟ್ಟಣದ ಸಮೇತ ಸಿಕ್ಕಿಬಿದ್ದರು. ಇನ್ನೇನು ಹೇಳಿಕೊಡಬೇಕು? ಇದರ ಮೇಲೆ ಹದಿಹರೆಯದ ಶಿಕ್ಷಣ ಅಂತ ಮೈ–ಮನಸ್ಸಿನ ವಿಷಯವನ್ನೆಲ್ಲ ಬಿಚ್ಚಿಟ್ಟರೆ ಗೊತ್ತಿಲ್ಲದ್ದನ್ನು ನಾವೇ ಕಲಿಸಿದಂತಾಗುವುದಿಲ್ಲವೇ? ನಮ್ಮ ಕಾಲದಲ್ಲಿ ಹಿರಿಯರ ಭಯ ಒಂದಿದ್ದರೆ ಸಾಕಿತ್ತು.’

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇದೆ. ಮಕ್ಕಳ ಮೇಲೆ ಅಕ್ಕರೆ ಇಲ್ಲದವರು ಹೀಗೆ ಬರೆಯುವುದಿಲ್ಲ. ಹಿರಿಯರ ಭಯದ ಬಗ್ಗೆ ನೀವು ಹೇಳಿದ್ದರಲ್ಲೂ ಸತ್ಯಾಂಶವಿದೆ. ಮಗ ಸಂಜೆ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ ಎಂದು ಗೊತ್ತಿರುವ ಮನೆಯ ಮಕ್ಕಳು ಚಟಕ್ಕೆ ಬೀಳುವುದು ಕಡಿಮೆ. ಅಷ್ಟನ್ನು ಒಪ್ಪುತ್ತೇನೆ. ಆದರೆ ಭಯ ಕಲಿಸುತ್ತದೆ ಎಂಬ ಮಾತನ್ನು ಒಪ್ಪಲಾರೆ.

ಭಯದ ಪಾಠವನ್ನು ಜಗತ್ತು ದೊಡ್ಡ ಪ್ರಮಾಣದಲ್ಲೇ ಪ್ರಯೋಗಿಸಿ ನೋಡಿದೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿಗೆ ದಾರಿ ತಪ್ಪುತ್ತಿದ್ದ ಹುಡುಗರನ್ನು ಕರೆದೊಯ್ದು, ಜೀವಾವಧಿ ಕೈದಿಗಳಿಂದಲೇ ಕಿರುಚಿಸಿ ಬೆದರಿಸುತ್ತಿದ್ದರು. ಊರೂರಿಗೆ ಅದೇ ನಕಲಾಯಿತು. ಆಮೇಲೆ ಇಂಥ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದಾಗ, ಜೈಲು ನೋಡಿ ಬಂದ ಹುಡುಗರೇ ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ‘ಡೇರ್’ ಕಾರ್ಯಕ್ರಮದ ಕಥೆಯೂ ಹೆಚ್ಚುಕಡಿಮೆ ಹೀಗೇ. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಡ್ರಗ್ಸ್ ವಿರುದ್ಧ ಪಾಠ ಮಾಡುತ್ತಿದ್ದರು. ಮಕ್ಕಳಿಗೂ ಖುಷಿ, ಪೋಷಕರಿಗೂ ಖುಷಿ. ಚಟದ ಪ್ರಮಾಣ ಮಾತ್ರ ಇಳಿಯಲಿಲ್ಲ. 2009ರ ಹೊತ್ತಿಗೆ ಅವರು ಪಠ್ಯವನ್ನೇ ಬದಲಾಯಿಸಿ, ನಿರಾಕರಿಸುವುದು, ವಿವರಿಸುವುದು, ತಪ್ಪಿಸಿಕೊಳ್ಳುವುದು, ಹೊರಟುಬಿಡುವುದು ಎಂಬ ನಾಲ್ಕು ದಾರಿಗಳ ಅಭ್ಯಾಸಕ್ಕೆ ಇಳಿದರು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸ್ಟೈನ್‌ಬರ್ಗ್ ಮತ್ತು ಗಾರ್ಡ್ನರ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದ ಮೇಲೆ ನಿಲ್ಲಿಸಬೇಕೋ ಮುನ್ನುಗ್ಗಬೇಕೋ ಆಡುವವರೇ ತೀರ್ಮಾನಿಸಬೇಕು. ಗೆಳೆಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ 13ರಿಂದ 16ರ ಹುಡುಗರ ದುಡುಕು ಒಮ್ಮೆಲೇ ಏರಿತು. 24 ದಾಟಿದವರಲ್ಲಿ ಯಾರು ನೋಡುತ್ತಿದ್ದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ನಿಮ್ಮ ಮೂವರು ಹುಡುಗರಿಗೆ ತಂಬಾಕು ಕೆಟ್ಟದ್ದೆಂದು ಗೊತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಕೇಳಿದ್ದರೆ ಹತ್ತಕ್ಕೆ ಹತ್ತು ತೆಗೆಯುತ್ತಿದ್ದರು. ಶೌಚಾಲಯದ ಹಿಂದೆ ಅವರು ಎದುರಿಸಿದ್ದು ಬೇರೆಯೇ ಪರೀಕ್ಷೆ. ನಲವತ್ತೈದನೇ ವಯಸ್ಸಿಗೆ ಬರಬಹುದಾದ ಕ್ಯಾನ್ಸರು ಒಂದು ಕಡೆ, ಈ ಕ್ಷಣ ‘ಅಂಜುಬುರುಕ’ ಅನ್ನಿಸಿಕೊಳ್ಳುವ ಅವಮಾನ ಇನ್ನೊಂದು ಕಡೆ. ಹದಿನಾಲ್ಕರ ಹುಡುಗನಿಗೆ ಎರಡನೆಯದೇ ದೊಡ್ಡದು. ಆ ಕ್ಷಣಕ್ಕೆ ಬೇಕಾದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರಬೇಕು. ಅದು ಭಾಷಣ ಕೇಳಿದರೆ ಬರುವುದಿಲ್ಲ. ಈಜಿನ ಹಾಗೆ, ಇಳಿದೇ ಕಲಿಯಬೇಕು.

ಹೇಗೆ ಎನ್ನುತ್ತೀರಾ? ನಲವತ್ತು ನಿಮಿಷದ ಒಂದು ಪಿರಿಯಡ್ ಸಾಕು. ಬೆಂಚುಗಳನ್ನು ಗೋಡೆಗೆ ಸರಿಸಿ, ಆರೆಂಟು ಮಕ್ಕಳ ಗುಂಪು ಮಾಡಿ ಸುತ್ತ ಕೂರಿಸಿ. ಅರವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಅದು ನಾಟಕವಾಗುತ್ತದೆ, ಅಭ್ಯಾಸವಾಗುವುದಿಲ್ಲ. ಸಂದರ್ಭ ನಿಮ್ಮೂರಿನದೇ ಇರಲಿ. ಗಣೇಶನನ್ನು ಬಿಡುವ ರಾತ್ರಿ, ಟ್ರ್ಯಾಕ್ಟರಿನ ಹಿಂದೆ ಪಿಯುಸಿ ಹುಡುಗನೊಬ್ಬ, ತುಟಿಯೊಳಗೆ ಇಟ್ಟುಕೊಳ್ಳುವ ಪುದೀನಾ ವಾಸನೆಯ ಪುಟ್ಟ ತಂಬಾಕಿನ ಚೀಲ ಚಾಚಿ, ‘ಒಂದ್ಸಲ ಇಟ್ಕೊಂಡು ನೋಡೋ, ಏನಾಗಲ್ಲ’ ಅನ್ನುತ್ತಾನೆ. ಒಬ್ಬ ನೀಡುವವನು, ಒಬ್ಬ ಬೇಡ ಅನ್ನುವವನು, ಉಳಿದವರು ನೋಡುವವರು. ಮೊದಲ ಮಾತಿನಲ್ಲೇ ‘ಬೇಡ ಕಣೋ’ ಬರಬೇಕು. ‘ನೋಡೋಣ’, ‘ಆಮೇಲೆ’ ಅಂದರೆ ಇನ್ನೊಮ್ಮೆ ಕೇಳು ಅಂತಲೇ ಅರ್ಥ. ಎರಡನೇ ಸಲ ಒತ್ತಾಯಿಸಿದರೆ ಅದೇ ಮಾತು, ಅದೇ ದನಿಯಲ್ಲಿ, ಕಣ್ಣು ತಗ್ಗಿಸದೆ. ಮೂರನೇ ಸಲಕ್ಕೆ ಜಾಗ ಖಾಲಿ ಮಾಡಬೇಕು: ‘ಅಮ್ಮ ಕಾಯ್ತಿದ್ದಾಳೆ, ಬರ್ತೀನಿ.’ ಕಾರಣ ವಿವರಿಸುವುದು ಆಪ್ತ ಗೆಳೆಯನ ಹತ್ತಿರ ಆದೀತು. ದೊಡ್ಡ ಹುಡುಗರ ಗುಂಪಿಗೆ ಕಾರಣ ಕೊಟ್ಟಷ್ಟೂ ಅವರು ಅದಕ್ಕೊಂದು ಉತ್ತರ ಹುಡುಕುತ್ತಾರೆ. ಆಮೇಲೆ ಪಾತ್ರ ಬದಲಿಸಿ, ಪ್ರತಿಯೊಬ್ಬನ ಬಾಯಿಂದಲೂ ‘ಬೇಡ’ ಅನ್ನಿಸಿ.

ಇದು ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಹೇಳಬೇಕು. ನೀಡುವವನ ಪಾತ್ರಕ್ಕೆ ತರಗತಿಯ ತುಂಟನನ್ನೇ ಆರಿಸುತ್ತಾರೆ. ಅವನು ನಾಲ್ಕು ಚುರುಕು ಮಾತು ಹೊಡೆಯುತ್ತಾನೆ, ತರಗತಿ ನಗುತ್ತದೆ, ಆಸೆ ತೋರಿಸಿದವನೇ ಹೀರೋ ಆಗುತ್ತಾನೆ. ಅದಕ್ಕೇ ಮೊದಲ ಸುತ್ತಿನಲ್ಲಿ ಆ ಪಾತ್ರವನ್ನು ಶಿಕ್ಷಕರೇ ಮಾಡಬೇಕು. ಇನ್ನೊಂದು ತಪ್ಪು, ಆಟಕ್ಕೇ ಮೂವತ್ತು ನಿಮಿಷ ಹೋಗಿ ಗಂಟೆ ಹೊಡೆದುಬಿಡುವುದು. ಆಟ ಐದೈದು ನಿಮಿಷ ಸಾಕು. ‘ಬೇಡ ಅಂದಾಗ ಹೊಟ್ಟೆಯೊಳಗೆ ಏನನ್ನಿಸಿತು? ಯಾವ ಮಾತಿಗೆ ಸೋಲ್ತಿದ್ದೆ? ನೋಡ್ತಾ ಇದ್ದವರು ಏನು ಮಾಡಬಹುದಿತ್ತು?’ ಈ ಮೂರು ಪ್ರಶ್ನೆಗೆ ಕನಿಷ್ಠ ಹದಿನೈದು ನಿಮಿಷ ಉಳಿಸಿಕೊಳ್ಳಿ. ಕಡೆಯ ಪ್ರಶ್ನೆ ಬಹಳ ಮುಖ್ಯ. ಪಕ್ಕದಲ್ಲಿದ್ದ ಒಬ್ಬ ‘ಬಾರೋ ಹೋಗೋಣ’ ಅಂದರೆ ಅರ್ಧ ಕೆಲಸ ಮುಗಿದಂತೆ. ಹೆಣ್ಣುಮಕ್ಕಳಿಗೆ ಸಂದರ್ಭ ಬೇರೆ ಬೇಕು: ಫೋನಿನಲ್ಲಿ ಫೋಟೊ ಕೇಳುವವನು, ಬಸ್ಸು ತಪ್ಪಿದ ಸಂಜೆ ಬೈಕು ನಿಲ್ಲಿಸಿ ‘ಬಾ, ಬಿಡ್ತೀನಿ’ ಅನ್ನುವ ಪರಿಚಯದವನು.

ಜೊತೆಗೆ ಒಂದು ಲೆಕ್ಕವನ್ನೂ ಮಕ್ಕಳ ಮುಂದೆ ಇಡಿ. ಹೆಸರಿಲ್ಲದ ಚೀಟಿಯಲ್ಲಿ, ‘ನಿನ್ನ ವಯಸ್ಸಿನ ನೂರು ಮಕ್ಕಳಲ್ಲಿ ಎಷ್ಟು ಮಂದಿ ತಂಬಾಕು ಬಳಸುತ್ತಾರೆ?’ ಎಂದು ಊಹಿಸಿ ಬರೆಸಿ. ಬಳಸುವವರು ಕಣ್ಣಿಗೆ ಬೀಳುತ್ತಾರೆ, ಬಳಸದವರು ಬೀಳುವುದಿಲ್ಲ. ಹಾಗಾಗಿ ಊಹೆ ಸಾಮಾನ್ಯವಾಗಿ ವಾಸ್ತವಕ್ಕಿಂತ ಮೇಲೇ ಇರುತ್ತದೆ. ಆಮೇಲೆ 2019ರ ರಾಷ್ಟ್ರೀಯ ಸಮೀಕ್ಷೆಯ ಅಂಕಿ ಹೇಳಿ: 13ರಿಂದ 15ರ ಶಾಲಾಮಕ್ಕಳಲ್ಲಿ ಶೇ 8.5. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಮುಟ್ಟುವುದಿಲ್ಲ. ‘ಎಲ್ಲರೂ ಹಾಕ್ತಾರೆ’ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ. ಕ್ಯಾನ್ಸರಿನ ಹತ್ತು ಚಿತ್ರಗಳಿಗಿಂತ ಈ ಒಂದು ಅಂಕಿಗೆ ಬಲ ಹೆಚ್ಚು.

ಇನ್ನು ‘ಗೊತ್ತಿಲ್ಲದ್ದನ್ನು ನಾವೇ ಕಲಿಸಿದಂತಾಗುವುದಿಲ್ಲವೇ’ ಎಂಬ ನಿಮ್ಮ ಪ್ರಶ್ನೆ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ, ಬೇಸರಿಸಬೇಡಿ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮದ ವಿರುದ್ಧ ಗದ್ದಲವೆದ್ದಾಗ ಅದನ್ನು ತಡೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಆಗಲೂ ಇದೇ ವಾದ. ಯುನೆಸ್ಕೊ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2009ರಲ್ಲೂ 2018ರಲ್ಲೂ ಹೇಳಿದ್ದು ಒಂದೇ: ಈ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ದುಡುಕುವುದಿಲ್ಲ. ಮುಚ್ಚಿಟ್ಟದ್ದರಿಂದ ನಮ್ಮ ಹೆಣ್ಣುಮಕ್ಕಳಿಗೆ ಯಾವ ರಕ್ಷಣೆ ಸಿಕ್ಕಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮುಟ್ಟಿನ ಬಗ್ಗೆ ಶಾಲೆಯಲ್ಲಿ ಮಾತಾಡಬಾರದು, ಅದೇ ಹುಡುಗಿಗೆ ತಾಳಿ ಕಟ್ಟಿಸಬಹುದು. ಇದು ಯಾವ ನ್ಯಾಯ?

ಮಕ್ಕಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ತಿಳಿಯಲು ಪ್ರಶ್ನೆ ಪೆಟ್ಟಿಗೆಗಿಂತ ಒಳ್ಳೆಯ ಸಾಧನವಿಲ್ಲ. ಬೀಗ ಹಾಕಿದ ರಟ್ಟಿನ ಡಬ್ಬ. ಎಲ್ಲರಿಗೂ ಒಂದೇ ಅಳತೆಯ ಚೀಟಿ. ಪ್ರಶ್ನೆ ಇಲ್ಲದವರೂ ‘ಪ್ರಶ್ನೆ ಇಲ್ಲ’ ಎಂದು ಬರೆದು ಹಾಕಲೇಬೇಕು; ಇಲ್ಲದಿದ್ದರೆ ಯಾರು ಬರೆದರು ಎಂದು ಪಕ್ಕದವನಿಗೆ ಗೊತ್ತಾಗುತ್ತದೆ, ಮುಂದಿನ ವಾರ ಡಬ್ಬ ಖಾಲಿ. ಚೀಟಿಗಳನ್ನು ಅಲ್ಲೇ ಬಿಚ್ಚಿ ಓದಬಾರದು. ಮನೆಗೆ ಒಯ್ದು, ಒಂದೇ ಬಗೆಯವನ್ನು ಜೋಡಿಸಿ, ಒರಟು ಮಾತಿದ್ದರೆ ನೇರ ಮಾತಿಗೆ ತಿರುಗಿಸಿ, ಮುಂದಿನ ತರಗತಿಯಲ್ಲಿ ಉತ್ತರಿಸಬೇಕು. ಕೈಬರಹ ಗುರುತು ಹಿಡಿಯಲು ಹೋಗಬಾರದು. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡಿ: ‘ಗುಟ್ಟು ಕಾಪಾಡ್ತೀನಿ, ಆದರೆ ಯಾರಾದರೂ ನಿಮಗೆ ಹಿಂಸೆ ಕೊಡ್ತಿದ್ದರೆ ಅದನ್ನು ಮುಚ್ಚಿಡಲಾರೆ.’ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ತಮ್ಮ ಕೈಕೆಳಗಿನವರು ಎಸಗಿದ್ದನ್ನು ಮುಚ್ಚಿಟ್ಟ ಶಾಲೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098 ಅನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿ.

ಬಿಡಿಸಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಶಾಲೆಯಲ್ಲಿ ವಾರಕ್ಕೊಂದು ಕೊಡುವ ಆ ನೀಲಿ ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಇದನ್ನು ಯಾರೂ ಹೇಳದಿದ್ದರೆ ಮಕ್ಕಳು ಹೆದರುತ್ತಾರೆ, ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ‘ಬಿಸಿಯೂಟ ಆದ ಮೇಲೆ ನುಂಗು, ಒಂದು ಗಂಟೆ ಟೀ ಕುಡಿಯಬೇಡ, ಕಪ್ಪಾದರೆ ಗಾಬರಿಯಾಗಬೇಡ, ಕಬ್ಬಿಣದ ಬಣ್ಣ ಅದು’ ಎಂದು ಮೊದಲೇ ಹೇಳಿದರೆ ಅದೇ ಮಕ್ಕಳು ತಾವಾಗಿ ನುಂಗುತ್ತಾರೆ. ದೇಶದ 15–19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇರುವಾಗ ಈ ನಾಲ್ಕು ಮಾತು ಆಡಲು ನಮಗೇನು ಧಾಡಿ?

ಯಾರು ಕಲಿಸಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಬಿಹಾರದ ನಳಂದ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮಕ್ಕಳ ಆರೋಗ್ಯಕ್ಕೆಂದು ‘ಸೆಹೆರ್’ ಎಂಬ ಪ್ರಯೋಗ ನಡೆಯಿತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರು, ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ನೇಮಿಸಿದ ಆಪ್ತಸಮಾಲೋಚಕರು ಒಂದೇ ಕಾರ್ಯಕ್ರಮ ನಡೆಸಿದರು. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ, ಪೀಡನೆ, ಹೊಡೆದಾಟ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನಮ್ಮ ಶಿಕ್ಷಕರು ಕೈಲಾಗದವರು ಎಂದು ಇದರ ಅರ್ಥವಲ್ಲ. ಅಂಕ ಕೊಡುವ, ಅಪ್ಪನಿಗೆ ದೂರು ಹೇಳುವ, ಜನಗಣತಿಗೂ ಚುನಾವಣೆಗೂ ಓಡುವ ಮನುಷ್ಯನ ಮುಂದೆ ಹುಡುಗ ಮನಸ್ಸು ಬಿಚ್ಚುವುದು ಕಷ್ಟ. ಆದರೂ ನಮ್ಮಲ್ಲಿ ಏನಾಗುತ್ತಿದೆ? 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರು ‘ಆರೋಗ್ಯ ರಾಯಭಾರಿ’ಗಳು, ಹನ್ನೊಂದು ವಿಷಯ, ವಾರಕ್ಕೊಂದು ತಾಸು. ಕಾಗದದ ಮೇಲೆ ಚೆನ್ನಾಗಿದೆ. ಜನವರಿ ಬಂದರೆ ಆ ತಾಸು ಗಣಿತಕ್ಕೆ ಹೋಗುತ್ತದೆ, ಪಿ.ಟಿ. ಪಿರಿಯಡ್ ವಿಜ್ಞಾನಕ್ಕೆ. ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಎಂಬುದೊಂದೇ ಅಧಿಕಾರಿಗಳ ಚಿಂತೆ. ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲಾ ಮಕ್ಕಳಿಗೆಂದೇ ಜೀವನ ಕೌಶಲ್ಯದ ಕೈಪಿಡಿ ಮಾಡಿಕೊಟ್ಟು ಎಷ್ಟೋ ವರ್ಷವಾಯಿತು. ಮನೆಯಂಗಳದ ಸಂಸ್ಥೆ ಮಾಡಿದ್ದು ಎಷ್ಟು ಶಾಲೆಗಳ ಬೀರುವಿನಿಂದ ಹೊರಗೆ ಬಂದಿದೆ?

ದೊಡ್ಡವರ ಮಾತಿಗೆ ಬಂದರೆ ನನ್ನ ತಾಳ್ಮೆ ಕೆಡುತ್ತದೆ. ಬೀಡಿ ತರಲು ಮಗನನ್ನೇ ಅಂಗಡಿಗೆ ಕಳಿಸುವ ಅಪ್ಪ, ಒಂಬತ್ತನೇ ತರಗತಿಯ ಹುಡುಗನ ಕೈಗೆ ಸ್ಕೂಟರ್ ಕೀಲಿ ಕೊಡುವ ಮಾವ, ಇವರು ಯಾವ ಪ್ರಮಾಣ ಮಾಡಿದ್ದಾರೆ? ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅವರು ಅಪರಾಧವೆಸಗಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆ ಹೇಳುತ್ತದೆ. ಮಾರಾಟದ ವಯಸ್ಸನ್ನು ಕರ್ನಾಟಕ 21ಕ್ಕೆ ಏರಿಸಿದೆ. ನೂರು ಗಜ ಅಂದರೆ 91.44 ಮೀಟರ್. ಪಿ.ಟಿ. ಮೇಷ್ಟ್ರ ಹತ್ತಿರ ಮೂವತ್ತು ಮೀಟರಿನ ಟೇಪ್ ಇದ್ದೇ ಇರುತ್ತದೆ. ಮೂರು ಸಲ ಹಿಡಿದು, ಒಂದೂವರೆ ಮೀಟರ್ ಮುಂದೆ ಹಳದಿ ಗೆರೆ ಎಳೆಸಿ. ಗೇಟಿನಿಂದ ಅಳೆಯಬೇಡಿ, ಕಾಂಪೌಂಡಿನ ಹೊರ ಅಂಚಿನಿಂದ ಅಳೆಯಿರಿ. ರಸ್ತೆ ಸುತ್ತಿ ಬಂದ ದೂರ ಲೆಕ್ಕಕ್ಕಿಲ್ಲ, ನೇರ ದೂರ ಬೇಕು. ಗೆರೆಯೊಳಗೆ ಅಂಗಡಿ ಸಿಕ್ಕರೆ ದೂರು ಕೊಡುವ ಕೆಲಸ ನಿಮ್ಮದು, ಸಹಿ ನಿಮ್ಮದು. ಮಕ್ಕಳ ಹೆಸರು ಅದರಲ್ಲಿ ಬರಬಾರದು, ನಾಳೆ ಅದೇ ದಾರಿಯಲ್ಲಿ ನಡೆಯಬೇಕಾದವರು ಅವರು.

ಆ ಮೂವರನ್ನು ಏನು ಮಾಡಿದಿರಿ ಎಂದು ನೀವು ಬರೆದಿಲ್ಲ. ಟಿ.ಸಿ. ಕೊಟ್ಟು ಕಳಿಸಿಲ್ಲ ಎಂದುಕೊಳ್ಳುತ್ತೇನೆ. ಮೂವರನ್ನೂ ಬೇರೆ ಬೇರೆಯಾಗಿ ಕರೆಯಿರಿ, ಬಾಗಿಲು ತೆರೆದಿರಲಿ, ಬೇರೆ ಮಕ್ಕಳು ಹತ್ತಿರ ಇರದಿರಲಿ. ಎಲ್ಲಿ ಕೊಂಡೆ, ಯಾರು ಕೊಟ್ಟರು ಎಂದು ಮೊದಲ ದಿನವೇ ಕೇಳಬೇಡಿ. ದಿನಕ್ಕೆ ಎಷ್ಟು, ಬೆಳಗ್ಗೆ ಎದ್ದ ತಕ್ಷಣ ಬೇಕನ್ನಿಸುತ್ತದೆಯೇ, ಬಿಡಲು ನೋಡಿದ್ದೀಯಾ, ಇಷ್ಟು ಕೇಳಿ. ಎದ್ದ ಅರ್ಧ ಗಂಟೆಯೊಳಗೆ ಬೇಕನ್ನಿಸಿದರೆ ಚಟ ಹಿಡಿದಿದೆ ಎಂದೇ ತಿಳಿಯಿರಿ. ಅಂಥವನಿಗೆ ಮೊದಲ ಮೂರ್ನಾಲ್ಕು ದಿನ ಬಹಳ ಕಷ್ಟ: ತಲೆನೋವು, ಸಿಡುಕು, ಪಾಠದ ಮೇಲೆ ಗಮನವಿಲ್ಲ. ಆಸೆ ಕೆರಳಿದಾಗ ಐದು ನಿಮಿಷ ದಾಟಿಸಿದರೆ ಇಳಿಯುತ್ತದೆ. ನೀರು ಕುಡಿ, ಮೈದಾನಕ್ಕೆ ಒಂದು ಸುತ್ತು ಹಾಕು ಎಂದು ತರಗತಿಯಿಂದ ಹೊರಗೆ ಬಿಡಿ. ನಿಮ್ಮ ಶಿಕ್ಷಕರಿಗೂ ಇದನ್ನು ಹೇಳಿಡಿ. ತಂಬಾಕು ಬಿಡಿಸುವ ಉಚಿತ ದೂರವಾಣಿ 1800-11-2356, ಕನ್ನಡದಲ್ಲೂ ಮಾತಾಡುತ್ತಾರೆ. ಮನಸ್ಸು ಕುಗ್ಗಿದಂತೆ ಕಂಡರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರ ‘ಸ್ನೇಹ ಕ್ಲಿನಿಕ್’ ಯಾವ ದಿನ ನಡೆಯುತ್ತದೆ ಎಂದು ವಿಚಾರಿಸಿ, ಮೊದಲ ಸಲ ನೀವೇ ಜೊತೆಯಲ್ಲಿ ಹೋಗಿ.