ಐರ್ಲೆಂಡಿನ ಮೇಯೊಗೆ ಬರುತ್ತಿದ್ದೀರಾ? ಹಾಗಾದರೆ ಆ ಹಳ್ಳಿ ಡಾಕ್ಟರ ಕಥೆ ಕೇಳಿ

ಮೇಯೊ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕ್ಯಾಸಲ್‌ಬಾರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ ಅಂದಿರಿ, ಖುಷಿಯಾಯಿತು. ಬಾಡಿಗೆ, ಚಳಿ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅನ್ನೋದನ್ನೆಲ್ಲ ಬೇರೆಯವರು ಹೇಳುತ್ತಾರೆ ಬಿಡಿ. ನೀವು ಕೊನೆಗೆ ಕೇಳಿದ್ದಕ್ಕೆ ನಾನು ಉತ್ತರಿಸುತ್ತೇನೆ: ಆ ಕಡೆ ಹಳ್ಳಿ ಡಾಕ್ಟರೊಬ್ಬರು ಯಾವ ಪಕ್ಷವೂ ಇಲ್ಲದೆ ನಿಂತು ಪಾರ್ಲಿಮೆಂಟಿಗೆ ಹೋಗಿದ್ದರಂತೆ, ನಿಜವಾ?

ನಿಜ. ಅವರ ಹೆಸರು ಜೆರ್ರಿ ಕೌಲಿ. ಅಕಿಲ್ ದ್ವೀಪಕ್ಕೆ ಹೋಗುವ ದಾರಿಯಲ್ಲಿ, ಕ್ಲೂ ಕೊಲ್ಲಿಯ ದಡದಲ್ಲಿರುವ ಮಲ್ರಾನಿಯಲ್ಲಿ ಜಿಪಿ. ಜಿಪಿ ಅಂದರೆ ಫ್ಯಾಮಿಲಿ ಡಾಕ್ಟರ್. ಮೇಯೊದಿಂದ ಜನ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗುವುದು ತಲೆಮಾರುಗಳಿಂದ ನಡೆದುಬಂದಿದೆ, ಮನೆಯಲ್ಲಿ ಉಳಿಯುವವರು ವಯಸ್ಸಾದವರು, ಅವರಿಗೆ ಕೈಲಾಗದೆ ಹೋದರೆ ಊರು ಬಿಟ್ಟು ದೂರದ ನರ್ಸಿಂಗ್ ಹೋಮ್ (ಇಲ್ಲಿ ಹಾಗಂದರೆ ವೃದ್ಧರನ್ನು ನೋಡಿಕೊಳ್ಳುವ ಮನೆ) ಸೇರಬೇಕಿತ್ತು. ಕೌಲಿ ಊರವರನ್ನು ಕಟ್ಟಿಕೊಂಡು ಮಲ್ರಾನಿಯಲ್ಲೇ ಸೇಂಟ್ ಬ್ರೆಂಡನ್ಸ್ ವಿಲೇಜ್ ಅಂತ ಅವರಿಗಾಗಿ ಮನೆಗಳನ್ನು ಮಾಡಿಸಿದರು. 2000ದಲ್ಲಿ ಸೇಫ್ ಹೋಮ್ ಶುರು ಮಾಡಿದರು. ಹೊರದೇಶದಲ್ಲಿ ದುಡಿದು ಮುದುಕರಾದ ಐರಿಶ್ ಜನ ಊರಿಗೆ ವಾಪಸ್ ಬಂದು ನೆಲೆಸಲು ಸಹಾಯ ಮಾಡುವ ಸಂಸ್ಥೆ ಅದು. ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

2002ರಲ್ಲಿ ಪಕ್ಷೇತರರಾಗಿ ಗೆದ್ದರು. ಇಲ್ಲಿ ಬಟನ್ ಒತ್ತುವುದಿಲ್ಲ. ಚೀಟಿಯಲ್ಲಿ 1, 2, 3 ಅಂತ ನಂಬರ್ ಹಾಕಬೇಕು. ನೀವು 1 ಹಾಕಿದವರು ಸೋತರೆ ನಿಮ್ಮ ವೋಟು 2ನೆಯವರಿಗೆ ಹೋಗುತ್ತದೆ. ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು. ಹಾಗಾಗಿ ಪಕ್ಷದ ಕಟ್ಟಾ ಬೆಂಬಲಿಗರೂ "ನಮ್ಮ ಡಾಕ್ಟರಿಗೆ ಒಂದು 2 ಇರಲಿ" ಅಂತಾರೆ. ಪಕ್ಷೇತರರು ಗೆಲ್ಲುವ ಗುಟ್ಟು ಇದೇ. (ನಮ್ಮಲ್ಲಾದರೆ ಗೆದ್ದ ಮರುದಿನವೇ ಯಾವ ಪಕ್ಷ ಸೇರುತ್ತಾರೆ ಅಂತ ಕೇಳುತ್ತಿದ್ದೆವು!)

ಪಾರ್ಲಿಮೆಂಟಿನಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಬೇಕು ಅಂತ ಮತ್ತೆ ಮತ್ತೆ ಕೇಳಿದರು. ಅದು ಶುರುವಾದದ್ದು 2012ರಲ್ಲಿ, ದೇಶದ ನಡುವಿನ ಆತ್‌ಲೋನ್ ಊರಿನಿಂದ. ಅಷ್ಟರಲ್ಲಿ, 2007ರ ಚುನಾವಣೆಯಲ್ಲೇ, ಕೌಲಿಯವರ ಸೀಟು ಹೋಗಿತ್ತು. ಆ ಸಲ ಮೇಯೊದವರೇ ಆದ ಎಂಡಾ ಕೆನ್ನಿ ಪ್ರಧಾನಿ ಹುದ್ದೆಗೆ ಪೈಪೋಟಿಗಿಳಿದಿದ್ದರು, ಅವರ ಫಿನ ಗೇಲ್ ಪಕ್ಷ ಮೇಯೊದ ಐದರಲ್ಲಿ ಮೂರು ಸೀಟು ಹೊಡೆಯಿತು. 2011ರಲ್ಲಿ ಕೌಲಿ ಲೇಬರ್ ಪಕ್ಷದಿಂದ ನಿಂತರು. ದೇಶದಲ್ಲೆಲ್ಲ ಲೇಬರ್ ಗಾಳಿ, ಆದರೆ ಮೇಯೊದಲ್ಲಿ ಫಿನ ಗೇಲ್‌ಗೆ ನಾಲ್ಕು ಸೀಟು, ಕೌಲಿ ಸೋತರು. ಪಕ್ಷ ಸೇರಿದ್ದೇ ತಪ್ಪು ಅಂತ ನನಗನಿಸುತ್ತದೆ, ಹಳ್ಳಿಯವರು ವೋಟು ಹಾಕಿದ್ದು ಡಾಕ್ಟರಿಗೆ, ಬಾವುಟಕ್ಕಲ್ಲ.

ಇವರೊಬ್ಬರೇ ಅಲ್ಲ. ಕ್ಲೇರ್ ಕೌಂಟಿಯ ಕಿಲ್‌ಮಿಹಿಲ್‌ನ ಜಿಪಿ ಮೈಕೆಲ್ ಹಾರ್ಟಿ 2016ರಲ್ಲಿ "ಡಾಕ್ಟರ್ ಇಲ್ಲದಿದ್ದರೆ ಹಳ್ಳಿಯೇ ಇಲ್ಲ" ಅಂತ ಹೇಳಿಯೇ ಗೆದ್ದರು. ಪಾರ್ಲಿಮೆಂಟಿನ ಆರೋಗ್ಯ ಸಮಿತಿಯ ಅಧ್ಯಕ್ಷರೂ ಆದರು, 2020ರಲ್ಲಿ ಮತ್ತೆ ನಿಲ್ಲಲಿಲ್ಲ.

ಹಳ್ಳಿಗಳಲ್ಲಿ ವಯಸ್ಸಾದ ಜಿಪಿ ರಿಟೈರ್ ಆದರೆ ಆ ಜಾಗಕ್ಕೆ ಬರುವವರು ಸಿಗುವುದು ಕಷ್ಟ. ಎಷ್ಟೋ ಕಡೆ ಹೊಸ ಪೇಷಂಟ್ ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕಾಯಿಲೆ ಬರುವ ತನಕ ಕಾಯಬೇಡಿ, ಮನೆ ಸಿಕ್ಕ ವಾರವೇ ಹತ್ತಿರದ ಜಿಪಿಗಳಿಗೆಲ್ಲ ಫೋನ್ ಮಾಡಿ ಹೆಸರು ಬರೆಸಿ. ಇನ್ನು ವೋಟು: ಪಾರ್ಲಿಮೆಂಟಿಗೆ ವೋಟು ಹಾಕಲು ಪೌರತ್ವ ಬೇಕು, ಆದರೆ ಕೌಂಟಿ ಕೌನ್ಸಿಲ್ ಚುನಾವಣೆಗೆ ಬೇಡ, ಇಲ್ಲಿ ವಾಸವಿದ್ದರೆ ಸಾಕು. ಕಳೆದದ್ದು 2024ರಲ್ಲಿ ಆಯಿತು, ಮುಂದಿನದು 2029ಕ್ಕೆ. ಮತದಾರರ ಪಟ್ಟಿಗೆ ಈಗಲೇ ಸೇರಿಬಿಡಿ.