ಅಮೆರಿಕದ ‘ನೀಲ್-ಇನ್’ ಪ್ರತಿಭಟನೆ ಹೇಗೆ ನಡೆಯುತ್ತಿತ್ತು? ಚರ್ಚ್ ಬಾಗಿಲನ್ನು ಕಾನೂನು ಏಕೆ ತೆರೆಸಲಿಲ್ಲ?

ಕಪ್ಪು ಜನರನ್ನು ಬಿಳಿಯರಿಂದ ದೂರವಿಡುವ ವರ್ಣಭೇದದ ವಿರುದ್ಧದ ಪ್ರತಿಭಟನೆ ಇದು. ಭಾನುವಾರದ ಆರಾಧನೆಯ ಹೊತ್ತಿಗೆ ಕಪ್ಪು ಜನರು, ಅಥವಾ ಕಪ್ಪು-ಬಿಳಿ ಜನರು ಸೇರಿದ ಸಣ್ಣ ಗುಂಪು, ಶುಭ್ರ ಉಡುಪಿನಲ್ಲಿ ಬಿಳಿಯರ ಚರ್ಚ್‌ಗೆ ಹೋಗುತ್ತಿತ್ತು. ಒಳಗೆ ಬಿಟ್ಟರೆ ಎಲ್ಲರಂತೆ ಕುಳಿತು ಪ್ರಾರ್ಥನೆ. ತಡೆದರೆ ಮೆಟ್ಟಿಲ ಮೇಲೇ ಮಂಡಿಯೂರಿ ಪ್ರಾರ್ಥನೆ. ಇಂಗ್ಲಿಷಿನ ‘ನೀಲ್’ ಎಂದರೆ ಮಂಡಿಯೂರು; ಹೆಸರು ಬಂದದ್ದೇ ಅದರಿಂದ. 1960ರ ಆಗಸ್ಟ್‌ನಲ್ಲಿ ಅಟ್ಲಾಂಟಾದ ವಿದ್ಯಾರ್ಥಿಗಳು ಇದನ್ನು ಸಂಘಟಿಸಿದಾಗ ಕೆಲವು ಚರ್ಚ್‌ಗಳು ಬರಮಾಡಿಕೊಂಡವು, ಕೆಲವು ಬಾಗಿಲಲ್ಲೇ ತಡೆದವು.

ಸಣ್ಣ ಊರುಗಳಲ್ಲಿ ಕಷ್ಟ ಹೆಚ್ಚು. ಬಾಗಿಲಲ್ಲಿ ತಡೆದು ನಿಲ್ಲುವವನು ಅಂಗಡಿಯ ಮಾಲೀಕನೋ ಕೂಲಿ ಕೊಡುವ ಧಣಿಯೋ ಆಗಿರಬಹುದು. ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನಲ್ಲಿ 1965ರಲ್ಲಿ ಚರ್ಚ್‌ನವರು ಸಾಲುಗಟ್ಟಿ ದಾರಿ ಅಡ್ಡಗಟ್ಟಿದರು.

1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ಚಿತ್ರಮಂದಿರಗಳನ್ನು ಕಪ್ಪು ಜನರಿಗೆ ತೆರೆಸಿತು. ಆರಾಧನಾಲಯಕ್ಕೆ ಅದು ಅನ್ವಯಿಸಲಿಲ್ಲ. ಚರ್ಚ್ ಖಾಸಗಿ ಆಸ್ತಿ, ಆದ್ದರಿಂದ ಪ್ರಾರ್ಥಿಸಲು ಬಂದವರ ಮೇಲೆಯೇ ಅತಿಕ್ರಮ ಪ್ರವೇಶದ ಮೊಕದ್ದಮೆ ಹೂಡಬಹುದಿತ್ತು. ಎಂಥ ಅನ್ಯಾಯ!

ಪಾದ್ರಿ ಒಪ್ಪಿದರೂ ಸಾಲದು. ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಚರ್ಚ್‌ಗಳಲ್ಲಿ ತೀರ್ಮಾನ ಸಭಿಕರ ಮತದ್ದು. ಜಿಮ್ಮಿ ಕಾರ್ಟರ್ ಅವರ ಊರಾದ ಪ್ಲೇನ್ಸ್‌ನ ಚರ್ಚ್ 1965ರಲ್ಲಿ ಕಪ್ಪು ಜನರನ್ನು ಹೊರಗಿಡಲು ಮತ ಹಾಕಿತು. ಕಾರ್ಟರ್ ಕುಟುಂಬ ವಿರೋಧಿಸಿತು. ಆ ನಿಷೇಧ ತೆರವಾಗಿದ್ದು 1976ರ ನವೆಂಬರ್‌ನಲ್ಲಿ, ಕಾರ್ಟರ್ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ.